ಗುರಮ್ಮನ ಕೊರಳಿನ ಪುತಳಿ ಸರ

ಬಸವಕಲ್ಯಾಣದ ಕಾಳಿನ ವ್ಯಾಪಾರಿ ಬಸವಣಪ್ಪನವರ ಮನೆಗೆ ಯಾರೇ ಹೋಗಲಿ, ಚಹಾ ಬರುವ ಮೊದಲು ಒಂದು ಫೋಟೋ ನೋಡಲೇಬೇಕು. ಪಡಸಾಲೆಯ ಎದುರು ಗೋಡೆಯ ಮೇಲೆ, ಬಂಗಾರದ ಬಣ್ಣ ಬಳಿದ ದೊಡ್ಡ ಚೌಕಟ್ಟಿನೊಳಗೆ ಅವರ ತಾಯಿ ಗುರಮ್ಮ ಕೂತಿದ್ದಾರೆ. ಹಣೆಯ ತುಂಬ ವಿಭೂತಿ, ಮೈಮೇಲೆ ಕೆಂಪಂಚಿನ ಹಸಿರು ಇಳಕಲ್ ಸೀರೆ, ಕೊರಳಲ್ಲಿ ಬಂಗಾರದ ಕಾಸು ಪೋಣಿಸಿದ ಎರಡೆಳೆಯ ಪುತಳಿ ಸರ. ಕೈಗಳೆರಡೂ ತೊಡೆಯ ಮೇಲಿವೆ, ಎಡಗೈಯ ಕಿರುಬೆರಳು ಕೊಂಚ ಡೊಂಕು.

"ಅವ್ವ ಹೋಗೂಕಿಂತ ಒಂದ್ ತಿಂಗಳ ಮೊದಲ ಹುಮನಾಬಾದಿಗಿ ಕರಕೊಂಡು ಹೋಗಿ ತಗಸೀನ್ರಿ. ಇಳಕಲ್ ಸೀರಿ ಉಡಿಸಿ, ಬಂಗಾರ ಹಾಕಿ ಕುಂದ್ರಿಸಿದ್ದೆ," ಎಂದು ಬಸವಣಪ್ಪ ಹೇಳುತ್ತಾರೆ. "ಆ ಬೆರಳ ನೋಡ್ರಿ. ಜ್ವಾಳಾ ಬೀಸಿ ಬೀಸಿ ಡೊಂಕಾಗಿತ್ತು. ನಮ್ಮನ್ನ ಸಾಕಿದ ಕೈ ಅದು."

ಬಂದವರು "ಮಗ ಅಂದ್ರ ಹಿಂಗಿರಬೇಕು ನೋಡ್ರಿ" ಎನ್ನುತ್ತಾರೆ. ಆ ಮಾತು ಕಿವಿಗೆ ಬೀಳುವ ತನಕ ಬಸವಣಪ್ಪ ಯಾರನ್ನೂ ಏಳಲು ಬಿಡುವುದಿಲ್ಲ. ಗುರಮ್ಮ ಬದುಕಿದ್ದಾಗ ಅವರ ಚಾಳೀಸಿನ ಒಂದು ಗಾಜು ಒಡೆದಿತ್ತು. ಅದನ್ನು ಹಾಕಿಸಿಕೊಡಲು ಈ ಮಗನಿಗೆ ಪುರುಸೊತ್ತು ಸಿಗಲೇ ಇಲ್ಲ. ಸತ್ತ ಮೇಲೆ ಮಾತ್ರ ತಾಯಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು, ಚೌಕಟ್ಟೂ ದೊಡ್ಡದಾಯಿತು.

ಈ ಫೋಟೋದಿಂದ ಮಗನಿಗೆ ಹೆಸರು ಬಂದರೆ ಸೊಸೆಗೆ ಬಂದದ್ದು ಕಳ್ಳಿ ಎಂಬ ಬಿರುದು. ಗುರಮ್ಮನ ಆರಾಧನೆಯ ದಿನ ಹುಲಸೂರಿನಿಂದ ಬಂದ ಬಸವಣಪ್ಪನ ಅಕ್ಕ ಶಕುಂತಲಾಬಾಯಿ ಆ ಫೋಟೋವನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣು ಕೊರಳ ಹತ್ತಿರ ನಿಂತಿತು. "ಅವ್ವನ ಹತ್ರ ಪುತಳಿ ಸರಾ ಇತ್ತು ಅಂತ ನನಗ ಗೊತ್ತೇ ಇದ್ದಿಲ್ಲ. ಈಗ ಎಲ್ಲಿ ಅದ ಅದು?" ಎಂದು ಕೇಳಿದಳು. ಬಸವಣಪ್ಪ ಕೆಮ್ಮಿದರು. ಅವರ ಹೆಂಡತಿ ಯಶೋದಾಬಾಯಿ "ನಾ ನೋಡೇ ಇಲ್ರಿ ಅಕ್ಕಾರ" ಎಂದಳು. ಅಷ್ಟು ಸಾಕಾಯಿತು. ಅತ್ತೆಯ ಕೊನೆಗಾಲದಲ್ಲಿ ಹತ್ತಿರ ಇದ್ದವಳು ಸೊಸೆ, ಸರ ಹೋದದ್ದೂ ಆಕೆಯ ಕೈಗೇ ಎಂದು ಶಕುಂತಲಾಬಾಯಿ ತೀರ್ಪು ಕೊಟ್ಟುಬಿಟ್ಟಳು.

ಆ ತೀರ್ಪು ಹುಲಸೂರಿನಿಂದ ರಾಜೇಶ್ವರದ ತನಕ ಬಳಗದಲ್ಲೆಲ್ಲ ಹಬ್ಬಿತು. ಒಂದು ಮದುವೆಯಲ್ಲಿ ಹೆಣ್ಣಿನ ಒಡವೆಯ ಡಬ್ಬಿ ಯಶೋದಾಬಾಯಿಯ ಪಕ್ಕದಲ್ಲಿತ್ತು. ಶಕುಂತಲಾಬಾಯಿ ಎಲ್ಲರ ಮುಂದೆ ಬಂದು ಅದನ್ನು ಎತ್ತಿ ಇನ್ನೊಬ್ಬಳ ಮಡಿಲಿಗೆ ಹಾಕಿದಳು. "ಈಕಿ ಹತ್ರ ಬ್ಯಾಡವಾ" ಎಂದಳು. ಹೆಂಗಸರು ನಕ್ಕರು. ಯಶೋದಾಬಾಯಿ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದಳು. ಆಗ ಹೈಸ್ಕೂಲಿನಲ್ಲಿದ್ದ ಮಗಳು ವಿದ್ಯಾವತಿ ಅದನ್ನು ಕಣ್ಣಾರೆ ಕಂಡಳು. ಅವತ್ತಿನಿಂದ ಅವಳ ಎದೆಯಲ್ಲಿ ಒಂದೇ ಹಟ ಕೂತಿತು. ಅವ್ವನ ತಲೆಯ ಮೇಲಿನ ಈ ಮಾತು ಒಂದು ದಿನ ಇಳಿಯಬೇಕು, ಅದೂ ಸೋದರತ್ತೆ ಶಕುಂತಲಾಬಾಯಿಯ ಬಾಯಿಂದಲೇ.

ವಿದ್ಯಾವತಿ ಈಗ ಕಲಬುರಗಿಯ ಒಂದು ಕಲಾ ಕಾಲೇಜಿನಲ್ಲಿ ಫೋಟೋಗ್ರಫಿ ಓದುತ್ತಿದ್ದಾಳೆ, ಕೊನೆಯ ವರ್ಷ. ಹುಡುಗಿ ಜಾಣೆ. ಆದರೆ ಕಾಲೇಜಿನ ಗಾಳಿ ತಾಕಿದ ಮೇಲೆ ಅವಳ ಮೂಗು ಕೊಂಚ ಮೇಲೆ ಹೋಗಿತ್ತು. ಮದುವೆಯ ಫೋಟೋ ಕಂಡರೆ ಮೂಗು ಮುರಿಯುವುದು, ಯಾರಾದರೂ ನಕ್ಕು ಫೋಟೋಗೆ ನಿಂತರೆ ನಿಟ್ಟುಸಿರು ಬಿಡುವುದು. ಈ ವಿದ್ಯೆ ಕಲಿಸಿದವರು ಅವಳ ಮೇಷ್ಟ್ರು ಬಸವಕುಮಾರ ಸರ್.

ಬಸವಕುಮಾರ ಸರ್ ಕಪ್ಪು ಗಡ್ಡದವರು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡೇ ಊಟಕ್ಕೆ ಕೂರುವ ಪೈಕಿ. ಅವರಿಗೆ ಬೇಕಾದದ್ದು ನೈಜತೆ. ನೈಜತೆ ಎಂದರೆ ಮುಖದಲ್ಲಿ ಸುಕ್ಕು ಇರಬೇಕು, ಬಟ್ಟೆ ಹರಿದಿರಬೇಕು, ಬೆಳಕು ಕಿಟಕಿಯಿಂದಲೇ ಬೀಳಬೇಕು, ಯಾರೂ ನಗಬಾರದು. ಕೊನೆಯ ವರ್ಷದವರು ಸಮುದಾಯ ಭಾವಚಿತ್ರದ ಕೆಲಸ ಮಾಡಬೇಕೆಂಬ ನಿಯಮ ಇತ್ತು. ಅದಕ್ಕಾಗಿ ಅವರು ಹುಡುಗರನ್ನೆಲ್ಲ ಘಾಟಬೋರಾಳ ಎಂಬ ಹಳ್ಳಿಗೆ ಕರೆದುಕೊಂಡು ಹೋದರು.

ಘಾಟಬೋರಾಳದವರಿಗೆ ಕಾಲೇಜಿನವರು ಬಂದು ಪುಕ್ಕಟೆ ಫೋಟೋ ತೆಗೆಯುತ್ತಾರೆ ಎಂಬ ಸುದ್ದಿ ಮೊದಲೇ ಮುಟ್ಟಿತ್ತು. ಅವರೇನು ಮಾಡಿಯಾರು? ಮಿಂದರು, ಗಡ್ಡ ಕೆರೆಸಿದರು, ಪೌಡರ್ ಬಳಿದುಕೊಂಡರು, ಪೆಟ್ಟಿಗೆಯ ತಳದಲ್ಲಿದ್ದ ಸೀರೆ ತೆಗೆದು ಉಟ್ಟರು. ಒಬ್ಬನಂತೂ ಸುಡುಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ನಿಂತಿದ್ದ. ಸರ್ ಮುಖ ಸಪ್ಪಗಾಯಿತು.

"ಇವರು ಇವರಾಗಿ ಉಳಿದೇ ಇಲ್ಲ," ಎಂದರು. ಹೊಸ ಧೋತರ ಉಟ್ಟು ಬಂದಿದ್ದ ಒಬ್ಬ ಮುದುಕನಿಗೆ, ಮನೆಗೆ ಹೋಗಿ ಹಳೆಯದನ್ನು ಉಟ್ಟು ಬಾ ಎಂದು ಹೇಳಿದರು.

ಮುದುಕ ಕಣ್ಣು ಪಿಳುಕಿಸಿದ. "ಹಳೇ ಧೋತರದಾಗ ಊರ ಮಂದಿ ದಿನಾ ನೋಡ್ತಾರಲ್ರಿ. ಫೋಟೋದಾಗೂ ಅದೇ ಯಾಕ್ರಿ?"

ಸರ್ ಆಕಾಶ ನೋಡಿ ಬೆಳಕು ಹೋಗುತ್ತಿದೆ ಎಂದರು. ವಿದ್ಯಾವತಿ ಅವತ್ತು ಸರ್ ಪಕ್ಷ. ಒಬ್ಬ ಅಜ್ಜಿಯ ಮುಖದ ಪೌಡರನ್ನು ಚೆಂಬಿನ ನೀರು ಹಾಕಿ ತಾನೇ ತೊಳೆಸಿದಳು, ಗೋಡೆಗೆ ಒರಗಿಸಿ ನಗಬೇಡ ಎಂದಳು. ಆ ಅಜ್ಜಿಗೆ ಎಷ್ಟು ನಾಚಿಕೆಯಾಯಿತೋ ಏನೋ, ತಲೆ ತಗ್ಗಿಸಿ ಕೂತಳು. ಕ್ಲಾಸಿನಲ್ಲಿ ಆ ಚಿತ್ರಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಥ ವಿಷಾದ, ಎಂಥ ಆಳ ಎಂದರು. ವಿಷಾದವಂತೆ ವಿಷಾದ! ಪೌಡರ್ ತೊಳೆಸಿಕೊಂಡ ಮುದುಕಿಯ ಸಿಟ್ಟು ಅದು.

ಊರಿನ ಕೆಲಸ ಮುಗಿದ ಮೇಲೆ ಒಂದು ಸ್ಟುಡಿಯೋದಲ್ಲಿ ಕೆಲವು ವಾರ ದುಡಿಯಬೇಕಿತ್ತು. "ಫೋಟೋ ಹೇಗೆ ತೆಗೀಬಾರದು ಅಂತ ಕಲೀಲಿಕ್ಕೆ ಹೋಗಿ," ಎಂದು ಸರ್ ನಗೆಯಾಡಿದರು. ಅಜ್ಜಿಯ ಫೋಟೋದ ಮೂಲೆಯಲ್ಲಿ "ನೂರಾನಿ ಫೋಟೋ ಸ್ಟುಡಿಯೋ, ಹುಮನಾಬಾದ್" ಎಂದು ಬರೆದದ್ದನ್ನು ವಿದ್ಯಾವತಿ ಚಿಕ್ಕಂದಿನಿಂದ ಓದಿದ್ದಳು. ಅಲ್ಲಿಗೇ ಹೋಗುತ್ತೇನೆ ಎಂದಳು.

ಬಸವಣಪ್ಪನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ಹುಮನಾಬಾದ್ ಯಾಕ? ನಮ್ಮ ಕಲ್ಯಾಣದಾಗ ಸ್ಟುಡಿಯೋ ಇಲ್ಲೇನು?"

"ಅಜ್ಜಿ ಫೋಟೋ ಅಲ್ಲೇ ತಗಸೀರಲ್ರಿ ಅಪ್ಪಾ. ಅದಕ್ಕ."

"ಅಂವ ಮುದುಕ ಆಗ್ಯಾನ. ಏನ್ ಕಲಿಸ್ತಾನ ಅಂವ," ಎಂದು ಗೊಣಗಿದರು. ತಂದೆಗೆ ಬಸ್ಸಿನ ಖರ್ಚಿನ ಚಿಂತೆ ಎಂದುಕೊಂಡು ವಿದ್ಯಾವತಿ ಮರುದಿನವೇ ಹೊರಟಳು.

ನೂರಾನಿ ಸ್ಟುಡಿಯೋದ ಮಾಲೀಕ ಅಬ್ದುಲ್ ಕರೀಂ. ಗಡ್ಡಕ್ಕೆ ಮೆಹಂದಿ, ಕಣ್ಣಿಗೆ ಸುರ್ಮಾ. ತನ್ನನ್ನು ಯಾರಾದರೂ ಫೋಟೋಗ್ರಾಫರ್ ಎಂದರೆ ಅವನಿಗೆ ಬೇಸರ, ಆರ್ಟಿಸ್ಟ್ ಎನ್ನಬೇಕು. ಅವನ ಕಲೆ ಇಷ್ಟೇ: ಬಂದವರನ್ನು ಸ್ಟೂಲಿನ ಮೇಲೆ ಕೂರಿಸುವುದು, ಗದ್ದ ಹಿಡಿದು ತಿರುಗಿಸುವುದು, ಆಮೇಲೆ ಕಂಪ್ಯೂಟರಿನಲ್ಲಿ ಸುಣ್ಣ ಬಳಿದ ಹಾಗೆ ಮುಖ ಬೆಳ್ಳಗೆ ಮಾಡುವುದು. ಹಿಂದಿನ ಪರದೆಯಲ್ಲಿ ಹಿಮದ ಬೆಟ್ಟ, ಕೆಳಗೆ ನೋಡಿದರೆ ಗಿರಾಕಿಯ ಕಾಲಿಗೆ ಹುಮನಾಬಾದಿನ ಕೆಂಪು ಧೂಳು.

"ದುನಿಯಾದಾಗ ಯಾರೂ ಕಪ್ಪಿಲ್ಲ ಬೇಟಿ. ಲೈಟ್ ಕಮ್ಮಿ ಬಿದ್ದಿರ್ತದ, ಅಷ್ಟೇ," ಎಂದು ಮೊದಲ ದಿನವೇ ಪಾಠ ಹೇಳಿದ. ವಿದ್ಯಾವತಿ ಮನಸ್ಸಿನಲ್ಲೇ ಛೀ ಎಂದಳು. ಒಬ್ಬರು ಪೌಡರ್ ತೊಳೆಸುತ್ತಾರೆ, ಇನ್ನೊಬ್ಬರು ಸುಣ್ಣ ಬಳಿಯುತ್ತಾರೆ, ಮುಖದ ಯಜಮಾನರನ್ನು ಕೇಳುವವರು ಇಬ್ಬರಲ್ಲಿ ಯಾರೂ ಇಲ್ಲ ಎಂಬುದು ಅವಳಿಗೆ ಆಗಿನ್ನೂ ಹೊಳೆದಿರಲಿಲ್ಲ.

ಎರಡನೆಯ ವಾರದಲ್ಲಿ ರಾಜೇಶ್ವರದಿಂದ ಒಬ್ಬ ರೈತ ಬಂದ. ತಾಯಿ ತೀರಿಕೊಂಡಿದ್ದಾಳೆ, ಗೋಡೆಗೆ ಹಾಕಲು ಫೋಟೋ ಬೇಕು. ಬದುಕಿದ್ದಾಗ ಫೋಟೋ ತೆಗೆಸುವುದು ಯಾರಿಗೂ ನೆನಪಾಗಿರಲಿಲ್ಲ, ಇದ್ದದ್ದು ಆಧಾರ್ ಕಾರ್ಡಿನ ಮಸುಕು ಮುಖ ಒಂದೇ. ಕರೀಂ ಚಾಚಾ "ಆಗ್ತದ, ಫಿಕರ್ ಮಾಡಬ್ಯಾಡ್ರಿ" ಎಂದು ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ಒಂದು ಚಿತ್ರ ತೆರೆದುಕೊಂಡಿತು.

ಕೊರಳಿನ ತನಕ ಮಾತ್ರ ಇದ್ದ ಹೆಂಗಸು, ಮೇಲೆ ಮುಖವೇ ಇಲ್ಲ. ಕೆಂಪಂಚಿನ ಹಸಿರು ಇಳಕಲ್ ಸೀರೆ, ಎರಡೆಳೆಯ ಪುತಳಿ ಸರ. ತೊಡೆಯ ಮೇಲಿದ್ದ ಎಡಗೈಯ ಕಿರುಬೆರಳು ಡೊಂಕು.

ವಿದ್ಯಾವತಿ ಪರದೆಯ ಹತ್ತಿರ ಬಗ್ಗಿದಳು. "ಚಾಚಾ, ಇದು ನಮ್ಮ ಅಜ್ಜಿ!"

ಕರೀಂ ಚಾಚಾ ಮೌಸ್ ಆಡಿಸುತ್ತಲೇ ನಕ್ಕ. "ಎಲ್ಲಾರ ಅಜ್ಜೀನೂ ಇದೇ ಬೇಟಿ. ಹುಮನಾಬಾದ್, ಕಲ್ಯಾಣ, ಹುಲಸೂರ, ಎಲ್ಲಾ ಕಡೆ ಗ್ವಾಡಿ ಮ್ಯಾಲ ಕುಂತಾರ. ಮುಖಾ ಅಷ್ಟೇ ಬದಲು. ಲಿಂಗಾಯತರಿಗಿ ವಿಭೂತಿ, ಮುತ್ತೈದಿ ಇದ್ರ ಕುಂಕುಮ. ನನ್ನ ಕೈಯಾಗ ಸತ್ತವರು ಎದ್ದು ಕುಂದರ್ತಾರ."

ಅವಳು ತಂದೆಯ ಹೆಸರು ಹೇಳಿದಳು, ಅಂಗಡಿಯ ಗುರುತು ಹೇಳಿದಳು. ಚಾಚಾನಿಗೆ ಗಿರಾಕಿಗಳ ಮುಖ ಮರೆಯುತ್ತಿತ್ತು, ಜಗಳ ಮಾತ್ರ ಮರೆಯುತ್ತಿರಲಿಲ್ಲ. "ಕಾಳಿನ ಬಸವಣಪ್ಪ? ಮಾಲೂಮ್. ರೇಷನ್ ಕಾರ್ಡಿಂದ ತಾಯಿ ಮುಖಾ ಕತ್ತರಿಸಿಕೊಂಡು ತಂದಿದ್ರು. ಮಣ್ಣ ಆದ ಮ್ಯಾಲ ಬಂದಿದ್ರು. ಬಂಗಾರ ಭಾಳ ಕಾಣ್ಬೇಕು, ರೇಟ್ ಕಮ್ಮಿ ಆಗ್ಬೇಕು ಅಂತ ಹುಜ್ಜತ್ ಮಾಡಿದ್ರು!"

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಜ್ಜಿ ಈ ಸ್ಟುಡಿಯೋದ ಮೆಟ್ಟಿಲು ಹತ್ತಿರಲೇ ಇಲ್ಲ. ಪುತಳಿ ಸರ ಅಜ್ಜಿಯದಲ್ಲ, ಜೋಳ ಬೀಸಿ ಡೊಂಕಾಯಿತು ಎಂದ ಆ ಬೆರಳೂ ಅಜ್ಜಿಯದಲ್ಲ. ಸುಳ್ಳು ಹೇಳಿದ್ದು ಅಪ್ಪ, ಕಳ್ಳಿ ಎನಿಸಿಕೊಂಡದ್ದು ಅವ್ವ. ಆ ಮದುವೆಮನೆಯಲ್ಲಿ ಅಪ್ಪ ಎರಡು ಕುರ್ಚಿಯ ಆಚೆ ಕೂತು ಶ್ಯಾವಿಗೆ ಪಾಯಸ ಉಣ್ಣುತ್ತಿದ್ದದ್ದು ಅವಳಿಗೆ ನೆನಪಾಯಿತು.

ಅಷ್ಟರಲ್ಲಿ ಹಿಂದಿನ ಮನೆಯಿಂದ ಚಾಚಾನ ಹೆಂಡತಿ ಸರ್ವರಿ ಚಹಾ ತಂದಳು. ಬಸಿ ಇಡುವಾಗ ಎಡಗೈಯ ಕಿರುಬೆರಳು ಹೊರಗೆ ಡೊಂಕಾಗಿ ನಿಂತಿತ್ತು. ವಿದ್ಯಾವತಿ ಬೆರಳನ್ನೂ ಪರದೆಯನ್ನೂ ನೋಡಿದಳು. ಸರ್ವರಿ ನಾಚಿದಳು.

"ಹೌದು ಬೇಟಿ, ನಾನೇ. ಸಣ್ಣಾಕಿದ್ದಾಗ ಬಾಗಲಾಗ ಸಿಗಬಿದ್ದಿತ್ತು ಈ ಬೆರಳ. ಸೀರಿ ಸ್ಟುಡಿಯೋದ್ದು, ಸರಾ ಗಿಲೀಟಿಂದು, ಬಂಗಾರದ್ದಲ್ಲ. ಕೂಡು ಅಂದ್ರು, ಕುಂತೆ."

"ಮತ್ತ ನಿಮ್ಮ ಮುಖಾ?"

"ಮುಖಾ ತಗೀಲಿಲ್ಲ. ನಂದೂ ಒಂದು ತಗೀರಿ ಅಂತ ಕೇಳಿದ್ದೆ ಆವತ್ತ. ರೀಲ್ ವೇಸ್ಟ್ ಅಂದ್ರು."

ಕರೀಂ ಚಾಚಾ ಚಹಾ ಸುರ್ರೆಂದು ಹೀರಿ "ಆವಾಗ ರೀಲ್ ಭಾಳ ತುಟ್ಟಿ ಇತ್ತಲ್ಲಾ" ಎಂದ. ಈಗ ರೀಲೂ ಇಲ್ಲ, ಖರ್ಚೂ ಇಲ್ಲ. ಆದರೂ ಸತ್ತವರನ್ನು ಎಬ್ಬಿಸಿ ಕೂರಿಸುವ ಈ ಮಹಾಶಯನಿಗೆ ಬದುಕಿರುವ ಹೆಂಡತಿಯ ಕಡೆ ಕ್ಯಾಮೆರಾ ತಿರುಗಿಸಲು ಬಿಡುವಾಗಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಆಕೆಯ ಮೈಗೆ ಹೂಮಾಲೆ ಬೀಳುತ್ತದೆ, ಊದಿನಕಡ್ಡಿ ಬೆಳಗುತ್ತಾರೆ. ಆಕೆಯ ಮುಖ ಮಾತ್ರ ಆಧಾರ್ ಕಾರ್ಡು ಬಿಟ್ಟು ಎಲ್ಲಿಯೂ ಇಲ್ಲ.

ವಿದ್ಯಾವತಿ ಈ ಫೋಟೋಗಳ ಸಂಗತಿಯನ್ನೇ ಕಾಲೇಜಿನ ಕೆಲಸವಾಗಿ ಮಾಡಿಕೊಂಡು ಮನೆ ಮನೆ ತಿರುಗಿದಳು. ಹಸಿರು ಇಳಕಲ್ಲಿನ ಅಜ್ಜಿಯರು ಎಲ್ಲ ಕಡೆ ಸಿಕ್ಕರು. ಒಂದು ಮನೆಯವರು "ನಮ್ಮವ್ವ ಮಸರ ಕಡದು ಕಡದು ಬೆರಳ ಡೊಂಕ ಮಾಡಿಕೊಂಡಿದ್ಳು" ಎಂದರು. ಇನ್ನೊಂದು ಮನೆಯ ಸೊಸೆ, ಆ ಬೆರಳಿನಿಂದಲೇ ಅತ್ತೆ ತನ್ನ ಗಲ್ಲ ತಿವಿಯುತ್ತಿದ್ದಳೆಂದು ಕಣ್ಣೀರು ಹಾಕಿದಳು. ತಾಯಿ ಬದುಕಿದ್ದಾಗ ಅವಳ ಕೈಯನ್ನು ಒಮ್ಮೆಯಾದರೂ ಹಿಡಿದು ನೋಡಿದ್ದರೆ ಇವರಿಗೆ ಬೆರಳು ಯಾರದೆಂದು ತಿಳಿಯುತ್ತಿತ್ತು. ಒಬ್ಬರೂ ನೋಡಿರಲಿಲ್ಲ, ಗೋಡೆ ನೋಡಿಯೇ ತಾಯಿಯನ್ನು ನೆನಪು ಮಾಡಿಕೊಂಡಿದ್ದರು.

ಬಸವಕುಮಾರ ಸರ್‌ಗೆ ಫೋನಿನಲ್ಲಿ ಹೇಳಿದಳು. ಅವರು ಕುಣಿದಾಡಿದರು. "ಎಲ್ಲಾ ಸಾಲಾಗಿ ಹಚ್ಚು! ಒಂದೇ ದೇಹ, ಬೇರೆ ಬೇರೆ ಮುಖ! ಹೈದರಾಬಾದಿನ ಪ್ರದರ್ಶನಕ್ಕೆ ಕಳಸೋಣ. ಆ ಹೆಂಗಸಿನ ಮುಖ ಮಾತ್ರ ತೋರಿಸಬೇಡ. ಮುಖ ಇಲ್ಲದಿರೋದೇ ಪರಿಣಾಮ." ಕರೀಂ ಚಾಚಾನಿಗೆ ರೀಲ್ ಉಳಿಯಬೇಕಿತ್ತು, ಇವರಿಗೆ ಪರಿಣಾಮ ಉಳಿಯಬೇಕು. ಇವರಿಬ್ಬರ ನಡುವೆ ಇದ್ದ ವ್ಯತ್ಯಾಸ ಗಡ್ಡದ ಬಣ್ಣ ಮಾತ್ರ ಎಂದು ವಿದ್ಯಾವತಿಗೆ ಆವತ್ತು ಹೊಳೆಯಿತು. ಫೋನ್ ಇಟ್ಟಳು. ಅವಳಿಗೆ ಹೈದರಾಬಾದ್ ಬೇಕಿರಲಿಲ್ಲ, ಅವ್ವನ ತಲೆಯ ಮೇಲಿನ ಮಾತು ಇಳಿಯಬೇಕಿತ್ತು.

ಮೊದಲು ತಂದೆಯನ್ನೇ ಕೇಳಿದಳು, ಅಂಗಡಿಯಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ. ಬಸವಣಪ್ಪ ತೊಗರಿಯ ಚೀಲದೊಳಗೆ ಕೈ ಹಾಕಿ ಕಾಳು ಆಡಿಸಿದರು. "ಆ ಮುದುಕಗ ಮರವು ಆಗ್ಯದ. ನಾ ಕರಕೊಂಡು ಹೋಗಿದ್ದು ಖರೆ. ಅಪ್ಪನ ಮಾತ ಸುಳ್ಳ ಅಂತಿಯೇನು? ಇದನ್ನೇ ಕಲಿಸ್ಯಾರೇನು ನಿಮ್ಮ ಕಾಲೇಜಿನಾಗ?"

"ಅತ್ತಿ ಅವ್ವಗ ಕಳ್ಳಿ ಅಂತಾಳಲ್ರಿ ಅಪ್ಪಾ!"

"ಹೆಂಗಸರ ಮಾತು. ಅದರಾಗ ನಾ ಯಾಕ ಬೀಳ್ಲಿ?" ಎಂದು ಚೀಲದ ಬಾಯಿ ಕಟ್ಟಿದರು. ಮಾತಿನ ಬಾಯಿಯೂ ಅಲ್ಲಿಗೇ ಕಟ್ಟಿದಂತಾಯಿತು.

ಹಾಗಾದರೆ ಎಲ್ಲರ ಮುಂದೆಯೇ ಆಗಲಿ ಎಂದು ವಿದ್ಯಾವತಿ ಹಲ್ಲು ಕಚ್ಚಿದಳು. ವರ್ಷ ವರ್ಷ ಮಾಡುವ ಅಜ್ಜಿಯ ಸ್ಮರಣೆ ಹತ್ತಿರ ಬಂದಿತ್ತು, ಹುಲಸೂರಿನಿಂದ ಅತ್ತೆ ತಪ್ಪದೆ ಬರುತ್ತಿದ್ದಳು. ವಿದ್ಯಾವತಿ ಹುಮನಾಬಾದಿಗೆ ಹೋಗಿ ಸರ್ವರಿ ಚಾಚಿಯನ್ನು ಕೇಳಿಕೊಂಡಳು. ಸಂಗತಿಯನ್ನೆಲ್ಲ ಬಿಚ್ಚಿ ಹೇಳಿ, ಆ ಸರವನ್ನೂ ತನ್ನಿರಿ ಎಂದಳು. ಸರ್ವರಿಗೆ ಕಲ್ಯಾಣದಲ್ಲಿ ತಂಗಿ ಇದ್ದಳು, ಬರಲು ನೆವ ಇತ್ತು. "ನಾ ಎಲ್ಲಿ ಕುಂತೀನಿ ಅಂತ ನೋಡಬೇಕಂತ ಭಾಳ ದಿನದಿಂದ ಅದ," ಎಂದಳು. ಹೊರಡುವಾಗ ಒಳಗೆ ಹೋಗಿ ಮುಖ ತೊಳೆದು ಪೌಡರ್ ಹಚ್ಚಿಕೊಂಡು ಬಂದಳು. ವಿದ್ಯಾವತಿ ಈ ಸಲ ಚೆಂಬು ಹುಡುಕಲಿಲ್ಲ.

ಸ್ಮರಣೆಯ ದಿನ ಪಡಸಾಲೆ ತುಂಬಿತ್ತು. ಬಸವಣಪ್ಪ ಬಿಳಿ ಅಂಗಿ ಹಾಕಿಕೊಂಡು ಫೋಟೋಗೆ ಹೊಸ ಮಾಲೆ ಏರಿಸಿ, ಬಂದವರಿಗೆ ಹುಮನಾಬಾದಿನ ಕಥೆಯನ್ನು ಇನ್ನೊಮ್ಮೆ ಹೇಳಿ ಮುಗಿಸಿದ್ದರು. ಓಣಿಯ ಹೆಂಗಸರು ಸಾಲಾಗಿ ಕೂತಿದ್ದರು. ನಟ್ಟನಡುವೆ ಶಕುಂತಲಾಬಾಯಿ. ಆಗ ವಿದ್ಯಾವತಿ ಸರ್ವರಿಯ ಕೈ ಹಿಡಿದು ಒಳಗೆ ಕರೆತಂದಳು. ಬುರ್ಖಾ ತೆಗೆದಾಗ ಸರ್ವರಿಯ ಕೊರಳಲ್ಲಿ ಎರಡೆಳೆಯ ಪುತಳಿ ಸರ ಇತ್ತು.

ಸರ್ವರಿ ಗೋಡೆಯ ಕಡೆ ನಡೆದು ಫೋಟೋದ ಮುಂದೆ ನಿಂತಳು. ತೊಡೆಯ ಮೇಲಿನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು, ಮೆಲ್ಲಗೆ ನಕ್ಕಳು.

"ಅತ್ತಿ, ನೋಡ್ರಿ," ಎಂದಳು ವಿದ್ಯಾವತಿ. "ಆ ಬೆರಳ ಇವರದು. ಸೀರಿ ಸ್ಟುಡಿಯೋದ್ದು. ಸರಾ ಇದೇ, ಗಿಲೀಟಿಂದು. ಅಜ್ಜಿ ಮುಖಾ ರೇಷನ್ ಕಾರ್ಡಿಂದ ತಂದು ಹಚ್ಚ್ಯಾರ. ಅಜ್ಜಿ ಕೊರಳಾಗ ಎಂದೂ ಪುತಳಿ ಸರಾ ಇದ್ದಿಲ್ಲ. ನಮ್ಮವ್ವ ಏನೂ ತಗೊಂಡಿಲ್ಲ."

ಇಷ್ಟು ಹೇಳಿದರೆ ಸತ್ಯ ತಾನಾಗಿ ಎದ್ದು ನಿಲ್ಲುತ್ತದೆ, ಅತ್ತೆ ಅವ್ವನ ಕೈ ಹಿಡಿದು ಅಳುತ್ತಾಳೆ ಎಂದು ಹುಡುಗಿ ಲೆಕ್ಕ ಹಾಕಿದ್ದಳು. ಕಾಲೇಜು ಕಲಿತವರ ಲೆಕ್ಕ ಹೀಗೆಯೇ. ಇಷ್ಟು ವರ್ಷ ಒಂದು ಸುಳ್ಳನ್ನು ಎದೆಗವಚಿಕೊಂಡು ಬೆಳೆಸಿದವರು ಅದನ್ನು ಒಂದು ಬೆರಳು ಕಂಡು ಕೆಳಗಿಟ್ಟುಬಿಡುತ್ತಾರೆಯೇ?

ಶಕುಂತಲಾಬಾಯಿ ಎದ್ದು ಬಂದಳು. ಬೆರಳು ನೋಡಿದಳು, ಫೋಟೋ ನೋಡಿದಳು. ಕಣ್ಣು ಮತ್ತೆ ಕೊರಳ ಹತ್ತಿರ ನಿಂತಿತು.

"ಹಂಗಾರ ನಮ್ಮವ್ವನ ಸರಾ ಈಕಿ ಕೊರಳಾಗ ಹ್ಯಾಂಗ ಬಂತು?" ಎಂದಳು.

ಸರ್ವರಿ ಗಡಬಡಿಸಿ ಸರ ಬಿಚ್ಚಿ ಮುಂದೆ ಹಿಡಿದಳು. "ಗಿಲೀಟ್ ಅದ ಬಾಯಿ, ಖುದಾ ಕಸಂ. ಮುಟ್ಟಿ ನೋಡ್ರಿ."

"ಈಗ ಗಿಲೀಟೇ ಇರ್ತದ. ಬಂಗಾರದ್ದು ಆವತ್ತೇ ಬದಲಾಗ್ಯದ," ಎಂದಳು ಶಕುಂತಲಾಬಾಯಿ. "ಅವ್ವ ಸ್ಟುಡಿಯೋಕ ಹೋದಾಗ ಬಿಚ್ಚಿಸಿಕೊಂಡಾರ ಇವರು. ಮುದುಕಿಗಿ ಏನ್ ತಿಳೀತದ? ತಮ್ಮಾ, ನೀನೇ ಕರಕೊಂಡು ಹೋಗಿದ್ದಿ, ಹೌದಿಲ್ಲೋ? ಪೊಲೀಸರಿಗಿ ಫೋನ್ ಹಚ್ಚು. ಇವರ ಸ್ಟುಡಿಯೋ ಹೊಕ್ಕು ಝಡತಿ ಮಾಡ್ಲಿ."

ಹೆಂಗಸರು ಗುಜುಗುಜು ಎಂದರು. ಒಬ್ಬಳು ಎದ್ದು ಬಾಗಿಲ ಹತ್ತಿರ ನಿಂತಳು, ಸರ್ವರಿ ಓಡಿಹೋಗುತ್ತಾಳೋ ಎಂಬಂತೆ.

"ಅಪ್ಪಾ, ಹೇಳ್ರಿ," ಎಂದಳು ವಿದ್ಯಾವತಿ.

ಬಸವಣಪ್ಪ ಒಂದೇ ಒಂದು ಮಾತು ಆಡಬೇಕಿತ್ತು. ನಾನು ಕರೆದುಕೊಂಡು ಹೋಗಿರಲಿಲ್ಲ, ಇಷ್ಟೇ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ, ಪರಮನೆಯ ಹೆಣ್ಣುಮಗಳು, ಹೆತ್ತ ಮಗಳು, ಮೂವರೂ ಅವರ ಬಾಯಿ ನೋಡುತ್ತಿದ್ದರು. ಅವರು ಮಾಲೆಯಿಂದ ಉದುರಿದ ಒಂದು ಹೂ ಹೆಕ್ಕಿ ಚೌಕಟ್ಟಿನ ಮೇಲೆ ಇಟ್ಟರು. "ಇವತ್ತಿನ ದಿನ ಇದೆಲ್ಲಾ ಯಾಕ... ಮೊದಲ ಪ್ರಸಾದ ಆಗ್ಲಿ," ಎಂದರು. ಮಗ ಅಂದ್ರ ಹಿಂಗಿರಬೇಕು!

ಆಗ ಅಡುಗೆಮನೆಯ ಬಾಗಿಲಿನಿಂದ ಯಶೋದಾಬಾಯಿ ಹೊರಗೆ ಬಂದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸರ್ವರಿಯ ಮುಂದೆ ಅಡ್ಡ ನಿಂತಳು.

"ಅಕ್ಕಾರ, ಅವರಿಗಿ ಏನೂ ಅನಬ್ಯಾಡ್ರಿ. ಸರಾ ನಾ ತಗೊಂಡೀನಿ."

"ಅವ್ವಾ!" ಎಂದು ವಿದ್ಯಾವತಿ ಕೂಗಿದಳು.

"ನಾನೇ ತಗೊಂಡು ಮಾರೀನಿ. ಬಂಗಾರದ್ದೇ ಇತ್ತು. ಆತಲ್ಲಾ? ಇನ್ನ ಪೊಲೀಸರು ಯಾಕ? ಅವರು ನಮ್ಮನಿಗಿ ಬಂದಾರ, ಕುಂದ್ರಲಿ."

ಶಕುಂತಲಾಬಾಯಿಯ ಮುಖ ಅರಳಿತು. ಇಷ್ಟು ವರ್ಷದ ಮೇಲೆ ಬಾಯಿಬಿಡಿಸಿದ ಸಂತೋಷ ಅದು. "ಕೇಳಿದ್ರಿಲ್ಲೋ? ನಾ ಅವತ್ತೇ ಹೇಳಿರಲಿಲ್ಲೇನು?" ಎಂದು ಹೆಂಗಸರನ್ನೆಲ್ಲ ಹಿಂದೆ ಹಾಕಿಕೊಂಡು ಅಂಗಳಕ್ಕೆ ನಡೆದಳು. ಅಲ್ಲಿಂದ ಅವಳ ದನಿ ಓಣಿಯ ಕೊನೆಯ ತನಕ ಕೇಳುತ್ತಿತ್ತು.

ಪಡಸಾಲೆಯಲ್ಲಿ ನಾಲ್ವರು ಉಳಿದರು. ಹೊರಡಲು ಬುರ್ಖಾ ಎತ್ತಿಕೊಂಡ ಸರ್ವರಿಯ ಕೈಯನ್ನು ಯಶೋದಾಬಾಯಿ ಹಿಡಿದು ಕೂರಿಸಿದಳು. ಆ ಡೊಂಕು ಬೆರಳನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಒಂದು ಗಳಿಗೆ ನೋಡಿದಳು.

"ಯಾಕಂದಿ ಅವ್ವಾ?" ವಿದ್ಯಾವತಿ ಅಳುತ್ತಿದ್ದಳು. "ನಾ ನಿನಗಾಗಿ ಇಷ್ಟೆಲ್ಲಾ ಮಾಡಿದ್ದೆ."

"ಆ ಮಾತ ನನಗ ರೂಢಿ ಆಗ್ಯದವಾ. ಅವರು ಈಗ ತಂಗಿ ಮನಿಗಿ ಹೋಗಬೇಕಲ್ಲ, ಮಂದಿ ಮುಂದ ತಲಿ ಎತ್ತಿ ಹೋಗ್ಲಿ." ಯಶೋದಾಬಾಯಿ ಫೋಟೋ ಕಡೆ ನೋಡಿದಳು, ಗಂಡನ ಕಡೆ ನೋಡಲಿಲ್ಲ. "ಅತ್ತಿ ಸ್ಟುಡಿಯೋಕ ಹೋಗಿಲ್ಲಂತ ನನಗ ಅವತ್ತೇ ಗೊತ್ತಿತ್ತು. ಕಡೀ ತಿಂಗಳ ಅವರು ಹಾಸಿಗಿ ಬಿಟ್ಟು ಎದ್ದೇ ಇದ್ದಿಲ್ಲ. ಮೈ ತೊಳದಾಕಿ ನಾನು. ಅವರ ಬೆರಳ ಎಲ್ಲಾ ನೆಟ್ಟಗೇ ಇದ್ದುವು."

ಬಸವಣಪ್ಪ ಫೋಟೋದ ಕೆಳಗೆ, ಹೆಂಡತಿಯ ಹಿಂದೆ, ಬಿಳಿ ಅಂಗಿಯಲ್ಲಿ ನಿಂತೇ ಇದ್ದರು. ಯಶೋದಾಬಾಯಿ ಮಗಳ ಕಡೆ ತಿರುಗಿ "ಕಣ್ಣ ಒರಸಿಕೋ. ಕ್ಯಾಮೆರಾ ತಂದೀಯಲ್ಲ? ಇವರದೊಂದು ಫೋಟೋ ತಗಿ" ಎಂದಳು.

ವಿದ್ಯಾವತಿ ಕ್ಯಾಮೆರಾ ತಂದಳು. ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಲಿಲ್ಲ. ಸರ್ವರಿ ಕೂದಲು ಒತ್ತಿಕೊಂಡು, ಪೌಡರ್ ಅಳಿಸಿದೆಯೋ ಎಂದು ಗಲ್ಲ ಮುಟ್ಟಿ ನೋಡಿಕೊಂಡಳು.

"ನೀವೂ ಕೂಡ್ರಿ ಬಾಯಿ," ಎಂದು ಯಶೋದಾಬಾಯಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಮತ್ತೆ ಕ್ಯಾಮೆರಾ ಕಡೆ ನೋಡಿ ಸಣ್ಣ ದನಿಯಲ್ಲಿ ಕೇಳಿದಳು. "ಬೇಟಿ, ಮುಖಾ ಬರ್ತದಲ್ಲಾ?"

"ಬರ್ತದ್ರಿ ಚಾಚಿ. ಇಬ್ಬರದೂ ಬರ್ತದ."

ವಿದ್ಯಾವತಿ ಕಣ್ಣಿಗೆ ಕ್ಯಾಮೆರಾ ಹಿಡಿದಳು. ಎರಡು ಮುಖ ನಿಚ್ಚಳವಾಗಿದ್ದವು. ಅವುಗಳ ಹಿಂದೆ ಬಿಳಿ ಅಂಗಿಯ ಒಂದು ತೋಳು ಕಾಣುತ್ತಿತ್ತು. ಅವಳು ಕ್ಯಾಮೆರಾ ಕೆಳಗಿಳಿಸಿದಳು.

"ಅಪ್ಪಾ, ನೀವು ಸರೀರಿ. ಇದರಾಗ ನೀವು ಬ್ಯಾಡ."

ಬಸವಣಪ್ಪ ಸರಿದರು.